ರಾಣಿಯ ಪಾಲಿನ ಮಾತು

ಆ ಆಟದಲ್ಲಿ ಒಂದು ಬೆಟ್ಟದ ರಾಜ್ಯವಿತ್ತು. ಅದನ್ನು ಒಬ್ಬ ಅಣ್ಣ, ಒಬ್ಬಳು ತಂಗಿ ಸೇರಿ ಆಳುತ್ತಿದ್ದರು. ತೀರಿಕೊಂಡ ಅರಸ ಹಾಗೆ ಕಟ್ಟಳೆ ಮಾಡಿ ಹೋಗಿದ್ದ. ಇಬ್ಬರಿಗೂ ಒಂದೇ ಎತ್ತರದ ಪೀಠ, ಇಬ್ಬರ ಮುದ್ರೆಯೂ ಬಿದ್ದರೆ ಮಾತ್ರ ಆಜ್ಞೆ. ಸಿ.ಡಿ. ಡಬ್ಬಿಯ ಮೇಲಿನ ಚಿತ್ರದಲ್ಲಿ ಇಬ್ಬರೂ ಭುಜ ತಾಗಿಸಿ ನಿಂತಿದ್ದರು. ಒಬ್ಬರ ಕಿರೀಟ ಇನ್ನೊಬ್ಬರದಕ್ಕಿಂತ ಕೂದಲೆಳೆಯಷ್ಟೂ ದೊಡ್ಡದಿರಲಿಲ್ಲ.

ಅದನ್ನು ಊಟಿಯ ಮಾರ್ಕೆಟ್ಟಿನ ಹತ್ತಿರದ ಒಂದು ಅಂಗಡಿಯಿಂದ ತಂದವನು ನನ್ನ ಅಣ್ಣ. ಎರಡು ಸಾವಿರದ ಇಸವಿ ದಾಟಿದ ಹೊಸತು. ಅವನು ಕೋತಗಿರಿಯಲ್ಲಿ ಕಂಪ್ಯೂಟರ್ ಕಲಿಸುವ ಸಣ್ಣ ಕೇಂದ್ರವೊಂದರಲ್ಲಿ ಪಾಠ ಹೇಳುತ್ತಿದ್ದ. ಅಲ್ಲಿ ಬೇಡವಾಗಿ ಮೂಲೆಗೆ ಬಿದ್ದ ಭಾಗಗಳನ್ನು ಜೋಡಿಸಿ ಮನೆಗೊಂದು ಕಂಪ್ಯೂಟರ್ ಮಾಡಿಕೊಂಡಿದ್ದ. ನಾನು ಕಾಲೇಜು ಮುಗಿಸಿ, ಮುಂದೇನು ಎಂದು ತೋಚದೆ, ಅವ್ವೆಯ ಜೊತೆ ನಮ್ಮದೇ ಚಹಾ ತೋಟದಲ್ಲಿ ಎಲೆ ಕೀಳುತ್ತಿದ್ದೆ. ನಮ್ಮ ಹಟ್ಟಿ ಕೋತಗಿರಿಯಿಂದ ಬಸ್ಸಿನಲ್ಲಿ ಸ್ವಲ್ಪ ದೂರ. ಗೋಡೆಗೆ ಗೋಡೆ ಅಂಟಿಕೊಂಡು ಒಂದೇ ಸಾಲಿನಲ್ಲಿ ನಿಂತ ಮನೆಗಳು, ಅವುಗಳ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಚಹಾ ಗಿಡಗಳು.

ಸಂಜೆ ನಮ್ಮ ಎಲೆಯ ಮೂಟೆಗಳು ಫ್ಯಾಕ್ಟರಿಯ ಲಾರಿ ಹತ್ತಿದ ಮೇಲೆ, ಊಟಕ್ಕೆ ಮೊದಲು, ನಾವಿಬ್ಬರೂ ಆ ಪರದೆಯ ಮುಂದೆ ಕೂರುತ್ತಿದ್ದೆವು. ಹಿಂದೆ ಬಿಳಿ ಬಟ್ಟೆಯ ಸೀಲೆ ಹೊದ್ದು ಹೆತ್ತೆ ಕೂರುತ್ತಿದ್ದಳು. ಹೆತ್ತೆ ಎಂದರೆ ಅಪ್ಪನ ತಾಯಿ. ಪಾತ್ರಗಳ ಮಾತು ಪರದೆಯ ಕೆಳಗೆ ಇಂಗ್ಲಿಷಿನಲ್ಲಿ ಮೂಡುತ್ತಿತ್ತು, ಅವುಗಳಿಗೆ ಧ್ವನಿ ಇರಲಿಲ್ಲ. ಹಾಗಾಗಿ ನಾವು ಅದನ್ನು ನಮ್ಮ ಬಡಗ ಮಾತಿಗೆ ತಿರುಗಿಸಿ ಗಟ್ಟಿಯಾಗಿ ಹೇಳುತ್ತಿದ್ದೆವು. ರಾಜನ ಮಾತು ಅಣ್ಣನದು, ರಾಣಿಯ ಮಾತು ನನ್ನದು. ಕತೆ ಕೇಳುವವರು ಪ್ರತಿ ಮಾತಿಗೂ ಹೂಂಗುಟ್ಟಬೇಕು, ಇಲ್ಲದಿದ್ದರೆ ಹೇಳುವವರು ನಿಲ್ಲಿಸುತ್ತಾರೆ. ನಮ್ಮಲ್ಲಿ ಅದು ಕತೆಯ ನಿಯಮ. ಹೆತ್ತೆ ಕಂಪ್ಯೂಟರಿಗೂ ಹೂಂಗುಟ್ಟುತ್ತಿದ್ದಳು.

ಮೊದಲ ಸಿ.ಡಿ.ಯಲ್ಲಿ ರಾಣಿಯ ಮಾತು ಕೇಳುವುದೇ ಒಂದು ಸುಖ. ಕೊಯ್ಲಿಗೆ ಮೊದಲು ಗಂಡಸರನ್ನು ದೂರದ ಕಣಿವೆಗೆ ಕಳಿಸಬೇಕೆಂದು ರಾಜ ಹಟ ಹಿಡಿದಾಗ ಅವಳು ಮುದ್ರೆ ಒತ್ತುವುದಿಲ್ಲ. ಬಾರ್ಲಿಯನ್ನು ಕೊಯ್ಯುವವರು ಯಾರು, ನೀನೇ ಬರುತ್ತೀಯಾ ಎಂದು ಕೇಳುತ್ತಾಳೆ. ಅವನು ಹಾಡಿದರೆ ಕುದುರೆಗಳು ಹೆದರುತ್ತವೆ ಎಂದು ಸಭೆಯಲ್ಲೇ ಹೇಳುತ್ತಾಳೆ. ಅವಳಿಗೂ ಅವನಿಗೂ ಸಮಾನವಾಗಿ ಬುದ್ಧಿಯಿತ್ತು, ಸಮಾನವಾಗಿ ಹಟವಿತ್ತು.

ಎರಡನೆಯ ಸಿ.ಡಿ. ಹಾಕಿದ ಮೇಲೆ ಅದು ಬದಲಾಯಿತು. ಎಲ್ಲಿಂದ ಎಂದು ನಾನು ಅನಂತರ ಹುಡುಕಿ ನೋಡಿದ್ದೇನೆ. ರಾಜ ಸೈನ್ಯದ ಜೊತೆ ಕೋಟೆಯಿಂದ ಹೊರಡುತ್ತಾನೆ. ಆಡುವವರೂ ಅವನ ಹಿಂದೆಯೇ ಹೊರಡುತ್ತಾರೆ. ಬರೆದವರು ಸಹ ಅವನ ಹಿಂದೆಯೇ ಹೊರಟಿರಬೇಕು. ಅವನಿಗೆ ಚಿಕ್ಕಂದಿನ ನೆನಪುಗಳು, ಕೆಟ್ಟ ಕನಸುಗಳು, ತಂದೆಯ ಮೇಲಿನ ಸಿಟ್ಟು, ಸಿಪಾಯಿಗಳ ಜೊತೆ ತಮಾಷೆ, ಎಲ್ಲವೂ ಬಂದವು. ಕೋಟೆಯಲ್ಲಿ ಉಳಿದ ರಾಣಿಗೆ ಉಳಿದದ್ದು “ಜಾಗ್ರತೆ, ಅಣ್ಣ”, “ನಿನ್ನ ಇಷ್ಟದಂತೆ ಆಗಲಿ”, ಇಂಥವು. ಮುದ್ರೆ ಮಾತ್ರ ಬೀಳುತ್ತಲೇ ಇತ್ತು. ಅವನು ಏನು ಆಜ್ಞೆ ಮಾಡಿದರೂ ಅವಳ ಕೈ ಪರದೆಯ ಬಲಗಡೆಯಿಂದ ಬಂದು ಒತ್ತಿ ಹೋಗುತ್ತಿತ್ತು. ಬೇಡ ಎಂದದ್ದು ಇಲ್ಲ, ಏಕೆ ಎಂದು ಕೇಳಿದ್ದೂ ಇಲ್ಲ.

“ಈ ಹೆಣ್ಣಿಗ ಹುಷಾರಿಲ್ಲೆಯಾ?” ಹೆತ್ತೆ ಒಂದು ಸಂಜೆ ಕೇಳಿದಳು.

“ಏಕ ಹೆತ್ತೆ?” ಎಂದ ಅಣ್ಣ.

“ಮೊದಲು ಬಾಯಿ ತುಂಬ ಮಾತಿತ್ತು. ಈಗ ಅಣ್ಣ ಏನ ಹೇಳಿದರೂ ತಲೆ ಆಡಿಸೋದು ಮಾತ್ರ.”

“ಬರೆದವನಿಗ ಸಾಕಾಗಿ ಹೋತು.”

“ಸಾಕಾದರೆ ಇಬ್ಬರಿಗೂ ಸಾಕಾಗಲಿ. ಇವನಿಗ ಮಾತ್ರ ಏಕ ಇಷ್ಟು ಮಾತು?”

“ಅವ ಯುದ್ಧಕ ಹೋಪವ, ಹೆತ್ತೆ.”

“ಮನೆಲಿ ಇಪ್ಪವಳಿಗ ಬಾಯಿ ಇಲ್ಲೆಯಾ?”

ಅಣ್ಣ ನಕ್ಕ. ಮರುದಿನದಿಂದ ನಾನು ರಾಣಿಯ ಪಾಲಿನ ಮಾತನ್ನು ನಾನೇ ತುಂಬತೊಡಗಿದೆ. ಪರದೆಯಲ್ಲಿ “ಜಾಗ್ರತೆ, ಅಣ್ಣ” ಎಂದು ಬಂದರೆ, “ಮೇಲಿನ ದಾರಿಲಿ ಹೋಗಬೇಡ, ಅಲ್ಲಿ ಹಿಮ ಬಿದ್ದು ಕಾಲು ಜಾರೋದು. ಅದು ಸರಿ, ಅಪ್ಪನ ಚಪ್ಪಲಿ ನೀ ಏಕ ಹಾಕಿಂಡಿದ್ದೆ?” ಎಂದು ಹೇಳುತ್ತಿದ್ದೆ. ಹೆತ್ತೆ ಸೀಲೆಯೊಳಗೆ ನಗುತ್ತಿದ್ದಳು. ಅಣ್ಣ ಪರದೆಯನ್ನು ಬೆರಳಿಂದ ತಟ್ಟಿ, ಅಲ್ಲಿ ಇರುವುದೇ ಎರಡು ಮಾತು, ನೀನು ಹೇಳಿದ್ದು ಒಂದು ಬುಟ್ಟಿ ಎನ್ನುತ್ತಿದ್ದ. ಕೆಲವು ದಿನಗಳಲ್ಲಿ ನನಗೆ ಕೈ ಕುದುರಿತು. ಯಾರಾದರೂ ಸುಮ್ಮನಿದ್ದರೆ ಅವರ ಬಾಯಲ್ಲಿ ಏನು ಬರಬೇಕಿತ್ತು ಎಂದು ನನ್ನ ತಲೆ ತಾನಾಗಿಯೇ ಹೊಂದಿಸುತ್ತಿತ್ತು.

ಕೊನೆಗೆ ರಾಜ ಒಂದು ದೊಡ್ಡ ಕೊಂಬಿನ ಮೃಗದ ಮುಂದೆ ನಿಂತ. ಅದು ಮಂಜಿನಿಂದ ಹೊರಬಂದು ಕಾಲು ಕೆರೆಯುತ್ತದೆ. ಅವನು ಸೊಂಟಕ್ಕೆ ಕೈ ಕೊಟ್ಟು, ನಿನ್ನ ಕೊಂಬು ನನ್ನ ಕಿರೀಟಕ್ಕಿಂತ ಚೆಂದ, ಬದಲಿಸಿಕೊಳ್ಳೋಣವೇ ಎಂದು ಕೇಳುತ್ತಾನೆ. ಅಷ್ಟರಲ್ಲಿ ಅವ್ವೆ ಊಟಕ್ಕೆ ಕರೆದಳು. ಆಟವನ್ನು ಅಲ್ಲೇ ಸೇವ್ ಮಾಡಿ ಎದ್ದೆವು.

ಮರುದಿನ ಬೆಳಿಗ್ಗೆ ನಡೆದದ್ದನ್ನು ನಾನು ಕಂಡಷ್ಟೇ ಬರೆಯುತ್ತೇನೆ.

ಅಣ್ಣ ಬಸ್ಸಿಗೆಂದು ತೋಟದ ಕಾಲುದಾರಿಯಲ್ಲಿ ಇಳಿಯುತ್ತಿದ್ದ. ನಾನು ಬುಟ್ಟಿ ಹೊತ್ತು ಅವನ ಹಿಂದೆ ಇದ್ದೆ. ಮಂಜು ತೆಳುವಾಗಿತ್ತು, ಎದುರಿನ ಓರೆಯ ಸಿಲ್ವರ್ ಓಕ್ ಮರಗಳು ಕಾಣುತ್ತಿದ್ದವು. ನಮ್ಮ ಕಡೆ ಕಾಟಿ, ಅಂದರೆ ಕಾಡುಕೋಣ, ತೋಟಕ್ಕೆ ಬರುವುದು ಹೊಸತಲ್ಲ. ಕಂಡರೆ ನಿಲ್ಲುತ್ತೇವೆ, ಅದು ಹೋದ ಮೇಲೆ ಹೋಗುತ್ತೇವೆ. ಆದರೆ ಅಂದು ಕಾಣಲಿಲ್ಲ. ದಾರಿಯ ಕೆಳಗೆ ಕವಾತು ಮಾಡದೆ ಬಿಟ್ಟ ಗಿಡಗಳು ಆಳೆತ್ತರ ಬೆಳೆದಿದ್ದವು. ಅವುಗಳ ನಡುವೆ ಕಪ್ಪಗೆ ಏನೋ ಇತ್ತು. ಬಂಡೆ ಎಂದುಕೊಂಡೆ. ಅಲ್ಲಿ ಬಂಡೆ ಇಲ್ಲ ಎಂಬುದು ನನಗೆ ಗೊತ್ತಿತ್ತು, ಆದರೂ ಬಂಡೆ ಎಂದುಕೊಂಡೆ.

ಅದು ಕೂಗಲಿಲ್ಲ. ಮೂಗಿನಿಂದ ಒಮ್ಮೆ ಉಸಿರು ಬಿಟ್ಟ ಸದ್ದು ಬಂತು. ಗಿಡಗಳು ಎರಡು ಕಡೆಗೆ ಸರಿದವು. ತಲೆ ತಗ್ಗಿಸಿ ಮೇಲೆ ಬಂತು. ಅಣ್ಣ ಆ ಕಡೆ ತಿರುಗುವುದರಲ್ಲಿದ್ದ, ಪೂರ್ತಿ ತಿರುಗಲಿಲ್ಲ. ಬಲ ಪಕ್ಕೆಗೆ ತಾಗಿತು. ಅವನು ನೆಲದಿಂದ ಮೇಲೆದ್ದದ್ದನ್ನು ಕಂಡೆ. ಅವನ ಬ್ಯಾಗು ಬೇರೆ ಕಡೆ ಹಾರಿ ಒಂದು ಗಿಡದ ಮೇಲೆ ಕುಳಿತಿತು. ಅವನು ನೀರು ಹರಿಯುವ ಕಾಲುವೆಯ ಕಲ್ಲಿನ ಮೇಲೆ ಬಿದ್ದ. ಕಾಟಿ ಅಲ್ಲೇ ನಿಂತು ಅವನನ್ನು ನೋಡಿತು. ಅದರ ಕಾಲುಗಳು ಮೊಣಕಾಲಿನಿಂದ ಕೆಳಗೆ ಬೆಳ್ಳಗಿದ್ದವು. ನಾನು ಅಣ್ಣ ಎಂದು ಕೂಗಿದೆ. ಮೇಲಿನ ಸಾಲಿನಲ್ಲಿ ಎಲೆ ಕೀಳುತ್ತಿದ್ದ ಹೆಂಗಸರು ಬುತ್ತಿಯ ಡಬ್ಬಿ ಬಡಿಯುತ್ತ ಓಡಿ ಬಂದರು. ಆ ಸದ್ದಿಗೆ ಅದು ಓಡಲಿಲ್ಲ, ನಡೆದುಕೊಂಡು ಶೋಲೆ ಕಾಡಿನ ಕಡೆ ಹೋಯಿತು.

ಹಟ್ಟಿಯ ಗಂಡಸರು ಅವನನ್ನು ಕಂಬಳಿಯಲ್ಲಿ ಎತ್ತಿ ಜೀಪಿಗೆ ತಂದರು. ಕೋತಗಿರಿಯಿಂದ ಘಾಟಿ ಇಳಿಸಿ ಕೊಯಮತ್ತೂರಿಗೆ ಒಯ್ದರು. ಪಕ್ಕೆಲುಬು ಮುರಿದಿತ್ತು, ಅದು ಕೂಡಿಕೊಳ್ಳುತ್ತದೆ ಎಂದರು. ಪೆಟ್ಟು ತಲೆಗೂ ಆಗಿತ್ತು. ಎಚ್ಚರ ಬಂತು, ನಮ್ಮನ್ನು ಗುರುತಿಸಿದ, ನೀರು ಬೇಕೆಂದು ಕೈ ಸನ್ನೆ ಮಾಡಿದ. ಮಾತು ಮಾತ್ರ ಬರಲಿಲ್ಲ.

“ಅವರಿಗೆ ಎಲ್ಲ ಅರ್ಥ ಆಗುತ್ತೆ. ಮಾತು ಬರಬಹುದು, ಬರದೆಯೂ ಇರಬಹುದು. ಯಾವಾಗ ಎಂದು ನಾನು ಹೇಳಲಾರೆ,” ಎಂದರು ಡಾಕ್ಟರು. ಅವರು ಹೇಳಿದ್ದು ತಮಿಳಿನಲ್ಲಿ. “ನೀವು ಅವರನ್ನು ಕೇಳಬೇಕು, ಆಮೇಲೆ ಕಾಯಬೇಕು.”

ಅಣ್ಣನಿಗೆ ಮಾತೇ ಕೆಲಸ. ಇಡೀ ದಿನ ಮಕ್ಕಳ ಮುಂದೆ ನಿಂತು ಹೇಳಿದ್ದನ್ನೇ ಬೇಸರವಿಲ್ಲದೆ ಹೇಳಿಕೊಡುತ್ತಿದ್ದವನು. ಅವನ ಮಾತು ಮತ್ತೆ ಬರುತ್ತದೆಯೋ ಇಲ್ಲವೋ ಎಂಬುದರ ಹೊರತು ಮನೆಯಲ್ಲಿ ಯಾರಿಗೂ ಬೇರೆ ಯೋಚನೆ ಇರಲಿಲ್ಲ.

ಮನೆಗೆ ಕರೆತಂದ ಮೇಲೆ ಕೇಳಿದೆವು. ಕಾಯುವುದಕ್ಕೆ ಮಾತ್ರ ಆಗಲಿಲ್ಲ. ಅದಕ್ಕೆ ಕಾರಣ ನಮ್ಮ ಕಡೆಯ ರೂಢಿ. ಒಬ್ಬ ಸಾವಿನ ಬಾಯಿಯಿಂದ ಮನೆಗೆ ಬಂದರೆ ಅವನ ಹಟ್ಟಿಯವರೆಲ್ಲ ಬರುತ್ತಾರೆ, ನೆಂಟರ ಹಟ್ಟಿಗಳಿಂದ ಬರುತ್ತಾರೆ, ಹೆಣ್ಣು ಕೊಟ್ಟ ಕಡೆಯಿಂದಲೂ ತಂದ ಕಡೆಯಿಂದಲೂ ಬರುತ್ತಾರೆ. ಬ್ರೆಡ್ಡು, ಕಿತ್ತಳೆ, ಬಿಸ್ಕತ್ತು ತಂದು ಹಾಸಿಗೆಯ ಹತ್ತಿರ ಕೂತು, ಏನಾಯಿತು ಎಂದು ಕೇಳುತ್ತಾರೆ. ಕೇಳಿದವರಿಗೆಲ್ಲ ಮೊದಲಿಂದ ಕಡೆಯವರೆಗೆ ಹೇಳಬೇಕು. ಬಂದವರ ಪ್ರಶ್ನೆ ಗಾಳಿಯಲ್ಲಿ ನಿಂತರೆ ಅದು ಮನೆಗೆ ಮರ್ಯಾದೆಯಲ್ಲ.

ಹಾಗಾಗಿ ಅಣ್ಣನನ್ನು ಕೇಳಿದ್ದಕ್ಕೆ ನಾವು ಉತ್ತರ ಕೊಟ್ಟೆವು. ಊಟ ಹೇಗೆ ಎಂದರೆ ಅವ್ವೆ ಹೇಳಿದಳು. ನೋವು ಹೇಗೆ ಎಂದರೆ ಅಪ್ಪ ಹೇಳಿದ. ಬಂದವರು ಅಣ್ಣನಿಗೆ ಧೈರ್ಯ ಹೇಳಿದರೆ, ಅವನ ಬದಲು ಹೆತ್ತೆ ಹೂಂಗುಟ್ಟಿದಳು. ಕಾಟಿಯ ಕತೆ ನನ್ನ ಪಾಲಿಗೆ ಬಂತು, ಏಕೆಂದರೆ ಕಂಡವಳು ನಾನು. ಮೊದಲ ದಿನ ಕಂಡದ್ದನ್ನೇ ಹೇಳಿದೆ. ಆದರೆ ಎಲ್ಲರೂ ಕಡೆಗೆ ಅಣ್ಣನ ಕಡೆ ತಿರುಗಿ, ಆಗ ನಿನಗೆ ಏನನ್ನಿಸಿತು ಎಂದು ಕೇಳುತ್ತಿದ್ದರು. ಅವನು ಸೂರು ನೋಡುತ್ತಿದ್ದ. ಆ ಜಾಗ ಖಾಲಿ ಇತ್ತು. ನನ್ನ ಬಾಯಿ ಅದನ್ನು ತುಂಬಿತು.

“ಅಣ್ಣನಿಗ ಬಸ್ಸು ತಪ್ಪೋದು ಅಂತ ಮಾತ್ರ ಯೋಚನೆ,” ಎಂದೆ. ಬಂದವರು ನಕ್ಕರು, ಹಗುರಾದರು. ಮರುದಿನದವರಿಗೆ ಇನ್ನೊಂದು ಸೇರಿಸಿದೆ. “ಅಂಜಿಕೆ ಇಲ್ಲೆ. ಅದರ ಕೊಂಬ ನೋಡಿ, ಎಷ್ಟು ಚೆಂದ ಅಂತ ನೋಡಿಂಡು ನಿಂತ.” ಅದು ಎಲ್ಲಿಂದ ಬಂದದ್ದೆಂದು ನನಗೆ ಆಗ ಹೊಳೆಯಲಿಲ್ಲ. ದಿನ ಕಳೆದಂತೆ ನನ್ನ ಕತೆಯೊಳಗಿನ ಅಣ್ಣ ಆ ಆಟದ ರಾಜನ ಹಾಗೆ ಆಗುತ್ತಾ ಬಂದ. ತಮಾಷೆ ಮಾಡಿದ, ಹೆದರಲಿಲ್ಲ, ಸೊಂಟಕ್ಕೆ ಕೈ ಕೊಟ್ಟು ನಿಂತ. ಹಾಸಿಗೆಯ ಮೇಲೆ ಇದ್ದವನು ಬಾಯಿ ತೆರೆಯುವುದನ್ನೇ ಬಿಟ್ಟಿದ್ದ. ಆಸ್ಪತ್ರೆಯಲ್ಲಿ ತುಟಿಯನ್ನಾದರೂ ಅಲುಗಿಸುತ್ತಿದ್ದ, ಮನೆಯಲ್ಲಿ ಅದೂ ನಿಂತಿತು.

ಹೀಗಿರುವಾಗ ಮಸಿನಗುಡಿಯಿಂದ ಮಾಮಿ ಬಂದಳು. ಮಾಮಿ ಅಪ್ಪನ ಅಕ್ಕ. ಗಂಡನಿಗೆ ಅರಣ್ಯ ಇಲಾಖೆಯಲ್ಲಿ ಕೆಲಸವಾದ್ದರಿಂದ ಅಲ್ಲೇ ನೆಲೆಸಿದ್ದಳು. ಅವಳಿಗೆ ಕಿವಿ ಬಹಳ ಮಂದ. ಯಾರ ಜೊತೆ ಮಾತಾಡುತ್ತಾಳೋ ಅವರ ಬಾಯಿಯನ್ನೇ ನೋಡುತ್ತಾಳೆ, ಪಕ್ಕದಲ್ಲಿ ಆಡಿದ್ದು ಅವಳಿಗೆ ತಲುಪುವುದಿಲ್ಲ. ಬೆಳಿಗ್ಗೆ ಹೊರಟು ಊಟಿಯಲ್ಲಿ ಬಸ್ಸು ಬದಲಿಸಿ ಮಧ್ಯಾಹ್ನಕ್ಕೆ ಬಂದಿದ್ದಳು. ಒಳಗೆ ಬಂದವಳೇ ಕಾಲು ತೊಳೆದು, ಹಾಸಿಗೆಯ ಬದಿಗೆ ಕೂತು, ಅಣ್ಣನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

“ಅಂಜಿದೆಯಾ, ಮಗ?”

“ಇಲ್ಲೆ ಮಾಮಿ, ಅಣ್ಣನಿಗ ಅಂಜಿಕೆ ಇಲ್ಲೆ,” ಎಂದು ನಾನು ಹಿಂದಿನಿಂದ ಹೇಳಿದೆ. ಅವಳಿಗೆ ಕೇಳಿಸಲಿಲ್ಲ. ಅಪ್ಪ ಬಾಗಿಲಲ್ಲಿ ನಿಂತು, ಅವನು ಮಾತಾಡುವುದಿಲ್ಲ ಎಂದು ಕೈ ಆಡಿಸಿದ. ಅವಳು ಆ ಕಡೆ ನೋಡಲಿಲ್ಲ. ಅವಳ ಕಣ್ಣು ಅಣ್ಣನ ತುಟಿಯ ಮೇಲಿತ್ತು. ಉತ್ತರ ಬರುವವರೆಗೆ ನೋಡುವುದು ಅವಳಿಗೆ ಅಭ್ಯಾಸ. ಹಾಗೇ ನೋಡುತ್ತಾ ಕೂತಳು. ನಾನು ಇನ್ನೊಮ್ಮೆ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅಣ್ಣನ ತುಟಿ ಅಲುಗಿತು. ಗಂಟಲಲ್ಲಿ ಏನೋ ಸಿಕ್ಕಿಕೊಂಡಂತಾಗಿ ನಿಂತಿತು. ಮತ್ತೆ ಅಲುಗಿತು.

“ಅಂಜಿದೆ,” ಎಂದ.

ಅವ್ವೆ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟು, ತಾನೂ ಅದರ ಪಕ್ಕದಲ್ಲಿ ನೆಲಕ್ಕೆ ಕೂತಳು.

ಮಾಮಿಗೆ ಇದರಲ್ಲಿ ಏನೂ ವಿಶೇಷ ಕಾಣಲಿಲ್ಲ. “ಅಂಜದೆ ಇಪ್ಪಕ ಅದೇನು ನಮ್ಮ ಮನೆ ಎಮ್ಮೆಯಾ?” ಎಂದಳು. “ನಮ್ಮ ಮಸಿನಗುಡಿಲಿ ಆನೆ ಬಂದರೆ ನಿನ್ನ ಮಾಮ, ಫಾರೆಸ್ಟ್‌ಲಿ ಕೆಲಸ ಮಾಡುವವ, ಮಂಚದ ಕೆಳಗ ಹೋಗಿ ಕೂರೋದು. ಇನ್ನೂ ನೋವಿದೆಯಾ?”

ಅಣ್ಣ ಬಹಳ ಹೊತ್ತು ಹುಡುಕಿದ. “ಇ... ಇಲ್ಲಿ,” ಎಂದು ಪಕ್ಕೆ ಮುಟ್ಟಿದ.

“ಸರಿ. ಬಿಸಿನೀರ ಶಾಖ ಕೊಡು ಅಂತ ನಿನ್ನ ಅವ್ವೆಗ ಹೇಳು,” ಎಂದು ಮಾಮಿ ಚೀಲದಿಂದ ಪೇರಲ ಹಣ್ಣು ತೆಗೆದಳು. ನಾವೆಲ್ಲ ಏಕೆ ಹೀಗೆ ನಿಂತಿದ್ದೇವೆ ಎಂದು ಆಮೇಲೆ ನೋಡಿದಳು. ಹೆತ್ತೆ ಸೀಲೆಯ ತುದಿಯಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ಅಪ್ಪ ಅಂಗಳಕ್ಕೆ ಹೋಗಿ, ಏನೂ ಮಾಡದೆ, ಒಳಗೆ ಬಂದು, ಮತ್ತೆ ಅಂಗಳಕ್ಕೆ ಹೋದ.

ಆ ಮಧ್ಯಾಹ್ನದ ನಂತರ ನಾವು ಬಾಯಿ ಕಟ್ಟಿಕೊಳ್ಳುವುದನ್ನು ಕಲಿತೆವು. ಸುಲಭವಾಗಿರಲಿಲ್ಲ. ಅವನು ಸಾರು ಎನ್ನಲು ಹೊರಟು ಸಾ ಎಂಬಲ್ಲಿ ನಿಂತರೆ ಮನೆಯಲ್ಲಿ ಎಲ್ಲರ ನಾಲಗೆಯೂ ತುದಿಗಾಲಲ್ಲಿ ನಿಲ್ಲುತ್ತಿತ್ತು. ಬಂದವರ ಪ್ರಶ್ನೆ ಗಾಳಿಯಲ್ಲಿ ನಿಂತಿತು. ನಿಲ್ಲಲಿ ಎಂದು ಬಿಟ್ಟೆವು. ಕೆಲವರು ಎದ್ದು ಹೋಗುವಾಗ ಮುಖ ಸಣ್ಣದು ಮಾಡಿಕೊಂಡರು.

ಅವನು ಎದ್ದು ಕೂರುವಂತಾದಾಗ ಒಂದು ಸಂಜೆ ಕಂಪ್ಯೂಟರಿನ ಕಡೆ ಬೆರಳು ತೋರಿಸಿದ. ಸೇವ್ ಮಾಡಿದ ಜಾಗದಿಂದಲೇ ಆಟ ತೆರೆಯಿತು. ಮಂಜು, ಕೊಂಬಿನ ಮೃಗ, ಸೊಂಟಕ್ಕೆ ಕೈ ಕೊಟ್ಟ ರಾಜ. ನನಗೆ ಮುಚ್ಚಿಬಿಡೋಣ ಎನಿಸಿತು. ಅಣ್ಣ ಮೌಸಿನ ಮೇಲೆ ಕೈ ಇಟ್ಟು ರಾಜನ ಮಾತನ್ನು ಮನಸ್ಸಿನಲ್ಲೇ ಓದಿದ.

“ಇದ... ಬರೆದವ,” ಎಂದ. ಕಾದೆವು. “ಕಾಟಿಯ... ಕಂಡವ ಅಲ್ಲ.”

ಹೆತ್ತೆ ನಕ್ಕು ನಕ್ಕು ಕೆಮ್ಮಿದಳು. ನಾನೂ ನಕ್ಕೆ. ಅಲ್ಲಿಯವರೆಗೆ ನಾನು, ಬರೆದವರು ರಾಣಿಗೆ ಮಾತ್ರ ಮೋಸ ಮಾಡಿದರು, ರಾಜನಿಗೆ ಎಲ್ಲವನ್ನೂ ಕೊಟ್ಟರು ಎಂದು ತಿಳಿದಿದ್ದೆ. ಅವನಿಗೆ ಕೊಟ್ಟದ್ದು ಬಹಳ, ನಿಜ. ಆದರೆ ಮೃಗದ ಮುಂದೆ ನಿಂತ ಮನುಷ್ಯನಿಗೆ ಬೇಕಾದ ಒಂದು ಮಾತು ಅದರಲ್ಲಿ ಇರಲಿಲ್ಲ.

ನಾವು ಪಾತ್ರ ಬದಲಿಸಿಕೊಂಡದ್ದು ಅಣ್ಣನ ಇಚ್ಛೆಯಿಂದ. ರಾಜನ ಉದ್ದದ ಮಾತು ಅವನ ಬಾಯಿಗೆ ಬರುವಂತಿರಲಿಲ್ಲ. ರಾಣಿಯ ಸಾಲನ್ನು ತೋರಿಸಿ, “ಎನಗ ಇವಳ ಪಾಲು ಸಾಕು,” ಎಂದ. ಹಾಗಾಗಿ ರಾಜನ ಮಾತು ನನಗೆ ಬಂತು. “ಜಾಗ್ರತೆ” ಎಂಬುದನ್ನು ಅವನು ಎರಡು ಸಂಜೆ ಅಭ್ಯಾಸ ಮಾಡಿದ. “ನಿನ್ನ ಇಷ್ಟದಂತೆ ಆಗಲಿ” ಬಹಳ ಕಷ್ಟ, ನಡುವೆ ಉಸಿರು ಬೇಕಿತ್ತು. ಯಾರೋ ಬೇಸರದಿಂದ ಬರೆದು ಎಸೆದ ಆ ತುಂಡು ಮಾತುಗಳು ಅವನ ನಾಲಗೆಗೆ ಸರಿಯಾದ ಅಳತೆಯವು. ಅವನ್ನೇ ಹಿಡಿದು ಹಿಡಿದು ಹೇಳಿದ. ಬೇಸರ ಬಂದಾಗ ತಾನೇ ಸೇರಿಸತೊಡಗಿದ. ಒಂದು ಸಂಜೆ ನಾನು ರಾಜನಾಗಿ, ಸೈನ್ಯ ಕಳಿಸು ಎಂದು ಆಜ್ಞೆ ಮಾಡಿದೆ. ರಾಣಿಯ ಕೈ ಪರದೆಯಲ್ಲಿ ಬಂದು ಮುದ್ರೆ ಒತ್ತಿತು.

“ಕೈ ಒತ್ತಿತು,” ಎಂದ ಅಣ್ಣ, ರಾಣಿಯ ಧ್ವನಿಯಲ್ಲಿ, ನಿಧಾನವಾಗಿ. “ಆದರೆ ನಾ... ಕಳಿಸೋದು ಇಲ್ಲೆ. ಮೊದಲು ಬಾರ್ಲಿ.”

“ಹೂಂ,” ಎಂದಳು ಹೆತ್ತೆ, ತೃಪ್ತಿಯಿಂದ.

ಆಟ ಮುಗಿದ ಸಂಜೆ ರಾಜ ಕೋಟೆಯ ಮೇಲೆ ನಿಂತು ಪ್ರಜೆಗಳಿಗೆ ಭಾಷಣ ಮಾಡಿದ. ರಾಣಿ ಪಕ್ಕದಲ್ಲಿ ನಿಂತಿದ್ದಳು. ಅವಳಿಗೆ ಒಂದು ಸಾಲೂ ಇರಲಿಲ್ಲ. ಭಾಷಣ ಎಷ್ಟು ಉದ್ದವೆಂದರೆ ನಾನು ಹೇಳುತ್ತಿರುವಾಗಲೇ ಹೆತ್ತೆ ನಿದ್ದೆ ಹೋದಳು. ಅಣ್ಣ ಸದ್ದಾಗದಂತೆ ಕಂಪ್ಯೂಟರ್ ಆರಿಸಿದ.

ಅದಾದ ಸ್ವಲ್ಪ ದಿನಕ್ಕೆ ಅವ್ವೆಯ ತವರಿನ ಹಟ್ಟಿಯಿಂದ ಒಂದು ಜೀಪು ತುಂಬ ಜನ ಬಂದರು. ಅವರ ಕಡೆ ಮದುವೆ ಇದ್ದುದರಿಂದ ತಡವಾಗಿತ್ತು. ನಾನು ಒಳಗೆ ಚಹಾ ಸೋಸುತ್ತಿದ್ದೆ. ಏನಾಯಿತು ಎಂದು ಅವರು ಕೇಳಿದರು. ಅಭ್ಯಾಸದಿಂದ ಅವ್ವೆ ಜಗಲಿಯಿಂದ ನನ್ನ ಕಡೆ ತಿರುಗಿದಳು. ನಾನು ಲೋಟಗಳನ್ನು ಸಾಲಾಗಿ ಇಡುತ್ತಿದ್ದೆ. ಹೊರಗೆ ಅಣ್ಣ ಶುರು ಮಾಡಿದ.

ಮಂಜು ಬಹಳ ಇತ್ತು ಎಂದ. ಬಹಳ ಇರಲಿಲ್ಲ. ತಂಗಿ ಮುಂದೆ ಹೋಗುತ್ತಿದ್ದಳು, ತಾನು ಹಿಂದೆ ಇದ್ದೆ ಎಂದ. ಅದೂ ಹಾಗಲ್ಲ. ಕಾಟಿ ಗುಡುಗಿನ ಹಾಗೆ ಕೂಗಿತು ಎಂದ. ಅವನು ಬಿದ್ದದ್ದು ಎಲ್ಲಿಗೆ ಎಂದು ಹೇಳುವಾಗ ಮಾತು ಸಿಗದೆ ನಿಂತ. ಜಗಲಿಯಲ್ಲಿ ಅಷ್ಟು ಜನ ಇದ್ದರೂ ಯಾರೂ ಅದನ್ನು ಎತ್ತಿ ಕೊಡಲಿಲ್ಲ. “ಕಾಲುವೆ,” ಎಂದ ಕಡೆಗೆ, “ಕಾಲುವೆಯ ಕಲ್ಲು,” ಎಂದು ಮುಂದಕ್ಕೆ ಹೋದ. ಅವ್ವೆ ಅಡಿಗೆಮನೆಯ ಬಾಗಿಲಿಗೆ ಬಂದು, ಅವನು ಹೇಳುತ್ತಿರುವುದು ಸರಿಯೇ ಎಂದು ಕಣ್ಣಿನಲ್ಲೇ ಕೇಳಿದಳು. ನಾನು ಸಕ್ಕರೆಯ ಡಬ್ಬಿ ಅವಳ ಕೈಗೆ ಕೊಟ್ಟೆ. ಹೊರಗೆ ಅವನು ಇನ್ನೂ ಹೇಳುತ್ತಿದ್ದ, ಕತೆ ಅವನನ್ನು ಒಯ್ದ ಜೀಪಿನವರೆಗೂ ಬಂದಿರಲಿಲ್ಲ. ಚಹಾ ಆರುತ್ತಿತ್ತು. ಅದನ್ನು ಮತ್ತೆ ಬಿಸಿಗಿಟ್ಟೆ.